ಅಂಕಿ ಉಳಿಯಿತು, ಪತ್ರ ಎಲ್ಲಿ?

ನೂರೈವತ್ತು ವರ್ಷ ಹಳೆಯ ಹವಾಮಾನ ರಿಜಿಸ್ಟರಿನಲ್ಲಿ ಪಾದರಸದ ಅಂಗುಲಗಳಲ್ಲಿ ಬರೆದ ವಾಯುಭಾರದ ಕಲಂ ಹೀಗಿರುವುದುಂಟು: ಮೊದಲ ಸಾಲಿನಲ್ಲಿ 29.872, ಅದರ ಕೆಳಗೆ ಬರೀ .905, ಅದರ ಕೆಳಗೆ .968, ಆಮೇಲೆ .014. ಪ್ರತಿ ಸಾಲಿಗೂ 29 ಬರೆಯುವ ರೇಜಿಗೆ ಯಾರಿಗೆ ಬೇಕು ಎಂದು ಬರೆಯುವವರು ಬಿಟ್ಟುಬಿಡುತ್ತಿದ್ದರು; ಓದುವವರಿಗೆ ಗೊತ್ತಾಗುತ್ತದೆ ಎಂಬ ನಂಬಿಕೆ. ಕೊನೆಯ ಸಾಲು 30.014 ಎಂದು ರೂಢಿಯಿರುವ ಕಣ್ಣಿಗೆ ಕೂಡಲೇ ಹೊಳೆಯುತ್ತದೆ. ಕೈಬರಹ ಓದುವ ತಂತ್ರಾಂಶ ಮಾತ್ರ ಮೇಲಿನ 29 ಅನ್ನೇ ಕೆಳಗೆಳೆದು 29.014 ಎಂದು ತುಂಬಿಬಿಡಬಹುದು. ಒಂದು ಅಂಗುಲ ಪಾದರಸ ಎಂದರೆ ವಾಯುಭಾರದ ಇಂದಿನ ಅಳತೆಯಲ್ಲಿ ಸುಮಾರು 34 ಹೆಕ್ಟೊಪಾಸ್ಕಲ್. ತಿಳಿ ಆಕಾಶದ ದಿನವೊಂದು ಕಂಪ್ಯೂಟರಿನಲ್ಲಿ ಚಂಡಮಾರುತವಾಗಿ ಕೂರುತ್ತದೆ.

ಇದು ಹಳೇ ಕಾಗದದ ಹುಚ್ಚಿರುವವರ ತಲೆನೋವು ಮಾತ್ರ ಆಗಿದ್ದರೆ ಬಿಡಬಹುದಿತ್ತು. ಆದರೆ ಭೂಮಿ 1.5 ಡಿಗ್ರಿ ಬಿಸಿಯಾಯಿತೇ ಎಂದು ಈಗ ವರ್ಷವರ್ಷವೂ ನಡೆಯುವ ಚರ್ಚೆಯಲ್ಲಿ, ಯಾವ ಕಾಲಕ್ಕೆ ಹೋಲಿಸಿ ಎಂದು ಕೇಳಿದರೆ ಬರುವ ಉತ್ತರ 1850ರಿಂದ 1900ರವರೆಗಿನ ಸರಾಸರಿ. ವಿಕ್ಟೋರಿಯಾ ರಾಣಿ ಪಟ್ಟದಲ್ಲಿದ್ದದ್ದು 1837ರಿಂದ 1901ರವರೆಗೆ. ಇಂದಿನ ಲೆಕ್ಕದ ತಳಪಾಯದಲ್ಲಿ ಇರುವುದು ಆ ಕಾಲದ ಹಡಗಿನ ಲಾಗ್ ಪುಸ್ತಕಗಳು, ವೀಕ್ಷಣಾಲಯದ ಗುಮಾಸ್ತರ ಖಾತೆಗಳು, ಪಾದ್ರಿಗಳೂ ವೈದ್ಯರೂ ಮನೆಯ ಹಿತ್ತಲಲ್ಲಿ ಅಳೆದ ಮಳೆ.

ಅದನ್ನೆಲ್ಲ ಡಿಜಿಟಲ್ ಮಾಡುವ ಕೆಲಸ ಭರದಿಂದ ಸಾಗಿದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಶುರುಮಾಡಿದ ಮಳೆ ದಾಖಲೆ ಯೋಜನೆಯಲ್ಲಿ ಸುಮಾರು 16,000 ಸ್ವಯಂಸೇವಕರು 16 ದಿನಗಳಲ್ಲಿ 66,000 ಹಾಳೆಗಳ 50 ಲಕ್ಷಕ್ಕೂ ಹೆಚ್ಚು ಅಂಕಿಗಳನ್ನು ಟೈಪ್ ಮಾಡಿ ಮುಗಿಸಿದರು. ಮೆಚ್ಚಲೇಬೇಕಾದ ಕೆಲಸ. ಆದರೆ ಇಂಥ ಯೋಜನೆಗಳ ಸಾಮಾನ್ಯ ರೂಢಿಯಲ್ಲಿ ಒಂದು ಎಡವಟ್ಟಿದೆ. ಕೋಷ್ಟಕದ ಪುಟಗಳು ಸ್ಕ್ಯಾನ್ ಆಗುತ್ತವೆ. ಅವುಗಳ ಜೊತೆಗೆ ಟಪಾಲಿನಲ್ಲಿ ಬಂದ ಪತ್ರಗಳು ಇತಿಹಾಸಕಾರರ ಪಾಲು ಎಂದು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಅಂಕಿಯನ್ನು ಬಳಸುವುದು ಹೇಗೆ ಎಂದು ಹೇಳುವುದು ಆ ಪತ್ರವೇ. ಗಡಿಯಾರ ಯಾವುದು, ಉಪಕರಣ ಎಲ್ಲಿತ್ತು, ತಿದ್ದುಪಡಿ ಆಗಿದೆಯೇ ಇಲ್ಲವೇ ಎಂಬುದೆಲ್ಲ ಅದರಲ್ಲಿರುತ್ತದೆ, ಕೋಷ್ಟಕದಲ್ಲಿ ಇರುವುದಿಲ್ಲ.

ಮೊದಲು ಸಮಯದ್ದೇ ಗೋಜಲು ನೋಡಿ. 1924ರ ಕೊನೆಯವರೆಗೂ ಖಗೋಳಜ್ಞರ ದಿನ ಶುರುವಾಗುತ್ತಿದ್ದದ್ದು ಮಧ್ಯಾಹ್ನಕ್ಕೆ. ರಾತ್ರಿಯಿಡೀ ದೂರದರ್ಶಕದ ಮುಂದೆ ಕೂರುವವರಿಗೆ ನಡುರಾತ್ರಿ ತಾರೀಖು ಬದಲಾಗುವುದು ಕಿರಿಕಿರಿ. ಹಾಗಾಗಿ ಈ ಏರ್ಪಾಡು. ಸಾಮಾನ್ಯ ದಿನಕ್ಕಿಂತ 12 ಗಂಟೆ ತಡವಾಗಿ ಶುರುವಾಗುವ ಈ ದಿನದಲ್ಲಿ ಗಂಟೆಗಳು 0ಯಿಂದ 23ರವರೆಗೆ ಓಡುತ್ತವೆ. 1859ರ ಸೆಪ್ಟೆಂಬರ್ 1ರ ಬೆಳಗ್ಗೆ 11 ಗಂಟೆ 18 ನಿಮಿಷಕ್ಕೆ ಖಗೋಳಜ್ಞ ರಿಚರ್ಡ್ ಕ್ಯಾರಿಂಗ್ಟನ್ ಇಂಗ್ಲೆಂಡಿನ ರೆಡ್‌ಹಿಲ್‌ನ ತಮ್ಮ ಮನೆಯ ವೀಕ್ಷಣಾಲಯದಲ್ಲಿ, ಒಣಹುಲ್ಲಿನ ಬಣ್ಣದ ಲೇಪ ಹಚ್ಚಿದ ಗಾಜಿನ ಮೇಲೆ 11 ಅಂಗುಲ ಅಗಲದ ಸೂರ್ಯಬಿಂಬ ಬೀಳಿಸಿ ಕಲೆಗಳನ್ನು ಗುರುತಿಸುತ್ತಿದ್ದಾಗ ಎರಡು ಬಿಳಿ ಜ್ವಾಲೆ ಕಂಡವು. ಐದೇ ನಿಮಿಷದಲ್ಲಿ ಮಾಯ. ಇದೇ ಘಟನೆಯನ್ನು ಖಗೋಳ ಲೆಕ್ಕದಲ್ಲಿ ಬರೆದರೆ ಅದು ಆಗಸ್ಟ್ 31ರ 23 ಗಂಟೆ 18 ನಿಮಿಷ. ಒಂದೇ ಕ್ಷಣಕ್ಕೆ ಎರಡು ತಾರೀಖು, ಎರಡು ತಿಂಗಳು. ಪತ್ರದ ಮೇಲ್ಭಾಗದ ದಿನಾಂಕ ಸಾಮಾನ್ಯ ಲೆಕ್ಕದ್ದು, ಒಳಗಿನ ವೀಕ್ಷಣೆಯದ್ದು ಖಗೋಳ ಲೆಕ್ಕದ್ದು ಆಗಿರುವುದೂ ಉಂಟು.

ಇದರ ಮೇಲೆ ಸ್ಥಳೀಯ ಕಾಲದ ಗೊಂದಲ ಬೇರೆ. ಬೊಂಬಾಯಿಯ ಗಡಿಯಾರ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ, ಮದರಾಸಿನದು 5 ಗಂಟೆ 21 ನಿಮಿಷ ಮುಂದೆ. ಭಾರತಕ್ಕೆಲ್ಲ ಒಂದೇ ಸಮಯ ಎಂದಾದದ್ದು 1906ರಲ್ಲಿ. ಭೂಕಾಂತ ಅಳೆಯುವವರು ಇನ್ನೊಂದು ದಾರಿ ಹಿಡಿದಿದ್ದರು. ಜರ್ಮನಿಯ ಗ್ಯೋಟಿಂಗನ್ನಿನಲ್ಲಿ ವಿಜ್ಞಾನಿಗಳಾದ ಗೌಸ್ ಮತ್ತು ವೆಬರ್ ಕಟ್ಟಿದ ಕೂಟದ ರೂಢಿಯಂತೆ, ಗೊತ್ತುಮಾಡಿದ ದಿನಗಳಲ್ಲಿ ಎಲ್ಲ ಕಡೆ ಏಕಕಾಲಕ್ಕೆ ಐದೈದು ನಿಮಿಷಕ್ಕೊಮ್ಮೆ ಗ್ಯೋಟಿಂಗನ್ ಸಮಯದಲ್ಲಿ ಓದು ತೆಗೆಯುತ್ತಿದ್ದರು. ಅದು ಗ್ರೀನಿಚ್‌ಗಿಂತ ಸುಮಾರು 40 ನಿಮಿಷ ಮುಂದೆ.

ಈ ನಿಮಿಷಗಳಿಗೆ ಬೆಲೆ ಏನು ಎಂದು ಕ್ಯಾರಿಂಗ್ಟನ್ ಕಂಡ ಜ್ವಾಲೆಯೇ ಹೇಳುತ್ತದೆ. ಜ್ವಾಲೆ ಕಂಡ ಹೊತ್ತಿಗೇ ಲಂಡನ್ ಬಳಿಯ ಕ್ಯೂ ಎಂಬಲ್ಲಿನ ವೀಕ್ಷಣಾಲಯದ ಫೋಟೊ ಕಾಗದದ ಮೇಲಿನ ಕಾಂತರೇಖೆಯಲ್ಲಿ ಸಣ್ಣ ಕೊಕ್ಕೆಯೊಂದು ಮೂಡಿತ್ತು. ಸುಮಾರು ಹದಿನೇಳೂವರೆ ಗಂಟೆಯ ನಂತರ ದೊಡ್ಡ ಕಾಂತೀಯ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ದೊಡ್ಡ ಅಲ್ಲಾಟ, ಬಂತು. ಸೂರ್ಯನ ಮೇಲಿನ ಘಟನೆಗೂ ಭೂಮಿಯ ಮೇಲಿನದಕ್ಕೂ ನಂಟಿರಬಹುದು ಎಂಬ ಊಹೆಗೆ ಇದ್ದ ಆಧಾರ ಎರಡು ಗಡಿಯಾರಗಳ ಹೊಂದಾಣಿಕೆಯೊಂದೇ. ಹೈಗೇಟ್‌ನಲ್ಲಿ ರಿಚರ್ಡ್ ಹಾಜ್‌ಸನ್ ಎಂಬ ಇನ್ನೊಬ್ಬರು ಅದೇ ಜ್ವಾಲೆಯನ್ನು ಪ್ರತ್ಯೇಕವಾಗಿ ಕಂಡು ವರದಿ ಮಾಡಿರದಿದ್ದರೆ ಕ್ಯಾರಿಂಗ್ಟನ್ ಮಾತನ್ನು ಕಣ್ಣಿನ ಭ್ರಮೆ ಎಂದು ತಳ್ಳಿಹಾಕುವ ಸಾಧ್ಯತೆಯೇ ಹೆಚ್ಚಿತ್ತು.

ಆ ಬಿರುಗಾಳಿಯ ಬಲ ಎಷ್ಟಿತ್ತು? ಕ್ಯೂನ ರೇಖೆ ಕಾಗದದ ಆಚೆಗೆ ಹೋಗಿಬಿಟ್ಟಿತ್ತು. ಸಮಭಾಜಕಕ್ಕೆ ಹತ್ತಿರದಿಂದ ಸಿಕ್ಕ ಬೆಲೆಬಾಳುವ ಓದು ಬೊಂಬಾಯಿಯ ಕೊಲಾಬಾ ವೀಕ್ಷಣಾಲಯದ್ದು: ಕಾಂತಕ್ಷೇತ್ರದ ಸಮತಲ ಘಟಕ ಸುಮಾರು 1,600 ನ್ಯಾನೊಟೆಸ್ಲಾ ಕುಸಿದಿತ್ತು. 2024ರ ಮೇ 10–11ರಂದು ಲಡಾಖಿನ ಹಾನ್ಲೆಯಲ್ಲಿ ಕೆಂಪು ಧ್ರುವಪ್ರಭೆ ಕಂಡಿತಲ್ಲ, ಆ ಬಿರುಗಾಳಿಯ ಜಾಗತಿಕ ಸೂಚ್ಯಂಕ ಕುಸಿದದ್ದು ಸುಮಾರು 400 ನ್ಯಾನೊಟೆಸ್ಲಾ. ಎರಡನ್ನೂ ಅಕ್ಕಪಕ್ಕ ಇಟ್ಟು ನಾಲ್ಕು ಪಟ್ಟು ಎಂದು ಬರೆಯುವುದು ಸುಲಭ, ಹಾಗೆ ಬರೆದವರೂ ಇದ್ದಾರೆ. ಆದರೆ ಕೊಲಾಬಾದ 1,600 ಒಂದೇ ಊರಿನ ಕ್ಷಣಮಾತ್ರದ ಓದು. ಮಾಮೂಲು ದಿನ ಗಂಟೆಗೊಮ್ಮೆ ಅಳೆಯುತ್ತಿದ್ದವರು ಗದ್ದಲ ಶುರುವಾದ ಮೇಲೆ ಕೆಲವು ನಿಮಿಷಗಳಿಗೊಮ್ಮೆ ಅಳೆಯತೊಡಗಿದ್ದರು. 2024ರದ್ದು ಹಲವು ನಿಲ್ದಾಣಗಳ ಗಂಟೆಯ ಸರಾಸರಿ. ಕೊಲಾಬಾದ ಓದುಗಳಿಗೂ ಗಂಟೆಯ ಸರಾಸರಿ ತೆಗೆದರೆ ಅಂಕಿ ಸಾವಿರದ ಕೆಳಗೆ ಇಳಿಯುತ್ತದೆ ಎಂದು ಇತ್ತೀಚಿನ ಲೆಕ್ಕಗಳು ತೋರಿಸಿವೆ. ಆದರೂ ಅದು ದೈತ್ಯ ಬಿರುಗಾಳಿಯೇ. ಆದರೆ ವಿದ್ಯುತ್ ಜಾಲವನ್ನೋ ಉಪಗ್ರಹವನ್ನೋ ಎಷ್ಟು ಹೊಡೆತ ತಡೆಯುವಂತೆ ಕಟ್ಟಬೇಕು ಎಂದು ಕೂತವರಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಸಣ್ಣದಲ್ಲ. ಆದಿತ್ಯ ಎಲ್1 ಗಗನಕ್ಕೇರಿದ್ದು 2023ರ ಸೆಪ್ಟೆಂಬರ್ 2ರಂದು, ಕೊಲಾಬಾದವರು ಆ ಓದು ಬರೆದ ತಾರೀಖಿನಂದೇ. ಬರೀ ಕಾಕತಾಳೀಯ, ಆದರೂ ಚೆನ್ನಾಗಿದೆ.

ಬ್ಯಾರೋಮೀಟರಿಗೆ ಮರಳೋಣ. ಪಾದರಸ ಬಿಸಿಯಾದರೆ ಹಿಗ್ಗುತ್ತದೆ. ಹಾಗಾಗಿ ಕೊಳವೆಗೆ ಅಂಟಿಸಿದ ಥರ್ಮಾಮೀಟರ್ ನೋಡಿ ಓದನ್ನು 32 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಬೇಕು. ಕೋಣೆ 85 ಡಿಗ್ರಿ ಇದ್ದು ಕೊಳವೆ 30 ಅಂಗುಲ ತೋರಿಸಿದರೆ ಕಳೆಯಬೇಕಾದದ್ದು ಸುಮಾರು 0.15 ಅಂಗುಲ, ಅಂದರೆ 5 ಹೆಕ್ಟೊಪಾಸ್ಕಲ್. ಅದಾದ ಮೇಲೆ ಗುರುತ್ವದ ತಿದ್ದುಪಡಿ: ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ 45 ಡಿಗ್ರಿಗೆ ಹೋಲಿಸಿದರೆ ಇನ್ನೊಂದು 0.07 ಅಂಗುಲ ಕಡಿಮೆ. ಆಮೇಲೆ ಆ ಉಪಕರಣದ್ದೇ ಆದ ದೋಷ, ಕೊಳವೆಯ ಸಪುರಕ್ಕೆ ಪಾದರಸ ತಗ್ಗಿ ನಿಲ್ಲುವ ದೋಷ. ಇವುಗಳಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಕಲಂ ತಲೆಬರಹ ಹೇಳುವುದಿಲ್ಲ. ಕಳಿಸಿದವರ ಪತ್ರದಲ್ಲಿ ಒಂದು ಸಾಲು ಇರುತ್ತದೆ. ಆ ಸಾಲು ಸಿಗದಿದ್ದರೆ ಎರಡು ಅಪಾಯ: ತಿದ್ದದ ಅಂಕಿಯನ್ನು ಹಾಗೇ ಬಳಸುವುದು, ಇಲ್ಲವೇ ಒಮ್ಮೆ ತಿದ್ದಿದ್ದನ್ನು ಮತ್ತೊಮ್ಮೆ ತಿದ್ದುವುದು. ಎರಡನ್ನೂ ಹಿಡಿಯುವುದು ಕಷ್ಟ, ಏಕೆಂದರೆ ಬೇಸಿಗೆಗೂ ಚಳಿಗೂ ತಪ್ಪಿನ ಪ್ರಮಾಣ ಬದಲಾಗುತ್ತ ಅದು ಋತುಮಾನದ ಏರಿಳಿತದಂತೆಯೇ ಕಾಣುತ್ತದೆ.

ಥರ್ಮಾಮೀಟರ್ ಇಟ್ಟ ಜಾಗವೂ ಹೀಗೇ. ಗ್ರೀನಿಚ್‌ನ ಜೇಮ್ಸ್ ಗ್ಲೇಷರ್ ಜನಪ್ರಿಯಗೊಳಿಸಿದ ನಿಲುವು ಮುಂಭಾಗ ತೆರೆದ ಹಲಗೆ. ಬಿಸಿಲು ಬೀಳದಂತೆ ದಿನದಲ್ಲಿ ಕೆಲವು ಸಲ ಅದನ್ನು ಕೈಯಿಂದ ತಿರುಗಿಸಬೇಕು. ಮರೆತರೆ ಮಧ್ಯಾಹ್ನದ ಗರಿಷ್ಠ ತಾಪ ಸುಮ್ಮನೆ ಏರುತ್ತದೆ. ಎಲ್ಲ ಕಡೆ ಜಾಲರಿ ಹಲಗೆಯಿರುವ ಸ್ಟೀವನ್‌ಸನ್ ಪೆಟ್ಟಿಗೆ ಬಂದ ಮೇಲೆ ಬೇಸಿಗೆಯ ಗರಿಷ್ಠಗಳು ತಗ್ಗಿದವು, ಹವೆ ತಂಪಾಗಿದ್ದರಿಂದಲ್ಲ. ಭಾರತದಲ್ಲಿ ಬಹುಕಾಲ ಬಳಸಿದ್ದು ಹುಲ್ಲು ಹೊದಿಸಿದ ಚಪ್ಪರ. ಯಾವ ನಿಲ್ದಾಣ ಯಾವ ತಿಂಗಳು ಒಂದರಿಂದ ಇನ್ನೊಂದಕ್ಕೆ ಬದಲಾಯಿತು ಎಂಬುದು ಹೆಚ್ಚಾಗಿ ಪತ್ರವ್ಯವಹಾರದಲ್ಲೇ ಸಿಗುವಂಥದ್ದು.

ಮಳೆಯ ವಿಷಯದಲ್ಲಿ ಜಾರ್ಜ್ ಸೈಮನ್ಸ್ ಎಂಬವರಷ್ಟು ಪತ್ರ ಬರೆದು ಜನರನ್ನು ತಿದ್ದಿದವರು ವಿರಳ. 1860ರಲ್ಲಿ 168 ನಿಲ್ದಾಣಗಳಿಂದ ಶುರುಮಾಡಿ, 1900ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಬ್ರಿಟಿಷ್ ದ್ವೀಪಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳ ಲೆಕ್ಕ ಅವರಿಗೆ ಬರುತ್ತಿತ್ತು. ಹೆಚ್ಚಿನವರು ಸಂಬಳವಿಲ್ಲದ ಹವ್ಯಾಸಿಗಳು. ಮಾಪಕದ ಬಾಯಿ ನೆಲದಿಂದ ಒಂದು ಅಡಿ ಎತ್ತರದಲ್ಲಿರಲಿ, ಮಾಳಿಗೆಯ ಮೇಲೆ ಬೇಡ, ಬೆಳಗ್ಗೆ 9ಕ್ಕೆ ಓದಿದ್ದನ್ನು ಹಿಂದಿನ ದಿನದ ಖಾತೆಗೆ ಬರೆಯಿರಿ: ಇವು ಅವರು ಜಪದಂತೆ ಹೇಳುತ್ತಿದ್ದ ಮಾತುಗಳು. ಮಾಳಿಗೆಯ ಮೇಲೆ ಗಾಳಿ ಜೋರು, ಹನಿಗಳು ಬಾಯಿಯ ಮೇಲಿನಿಂದ ಹಾರಿಹೋಗಿ ಮಾಪಕ ಕಡಿಮೆ ತೋರಿಸುತ್ತದೆ. ಅದೇ ಮನೆಯ ಹಿತ್ತಲಿಗೆ ಇಳಿಸಿದ ವರ್ಷದಿಂದ ಮಳೆ ಜಾಸ್ತಿಯಾದಂತೆ ಕಾಣುತ್ತದೆ. 9 ಗಂಟೆಯ ನಿಯಮ ಕೆಲವರು ಪಾಲಿಸಿದರು, ಕೆಲವರು ಓದಿದ ದಿನಕ್ಕೇ ಬರೆದುಕೊಂಡರು. ತಿಂಗಳ ಮೊತ್ತಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ದಿನದ ಪ್ರವಾಹದ ಲೆಕ್ಕಕ್ಕೆ ಮಾತ್ರ ಪೂರಾ ಒಂದು ದಿನ ಹಿಂದುಮುಂದು.

ಪತ್ರ ಬರೆಸಿಕೊಳ್ಳುವುದೂ ಆಗ ಒಂದು ಸಂಶೋಧನಾ ವಿಧಾನವೇ ಆಗಿತ್ತು. 1854ರ ನವೆಂಬರ್ 14ರಂದು ಕ್ರಿಮಿಯಾ ಯುದ್ಧದ ನಡುವೆ, ಕಪ್ಪು ಸಮುದ್ರದ ಬಾಲಾಕ್ಲಾವಾ ಬಳಿ ಬಿರುಗಾಳಿ ಬ್ರಿಟನ್ ಮತ್ತು ಫ್ರಾನ್ಸಿನ ಮಿತ್ರಪಡೆಗಳ ಹಡಗುಗಳನ್ನು ಮುಳುಗಿಸಿದ ಮೇಲೆ, ನೆಪ್ಚೂನ್ ಗ್ರಹ ಎಲ್ಲಿದೆ ಎಂದು ಲೆಕ್ಕ ಹಾಕಿ ಹೆಸರಾಗಿದ್ದ ಫ್ರಾನ್ಸಿನ ಲ ವೆರಿಯೆ ಯುರೋಪಿನ ಖಗೋಳಜ್ಞರಿಗೂ ಹವಾಮಾನಜ್ಞರಿಗೂ ಸುತ್ತೋಲೆ ಕಳಿಸಿ 12ರಿಂದ 16ರವರೆಗಿನ ಹವೆಯ ವಿವರ ಕೇಳಿದರು. ಸುಮಾರು 250 ಉತ್ತರಗಳು ಬಂದವು. ಜೋಡಿಸಿ ನೋಡಿದರೆ ಬಿರುಗಾಳಿ ಯುರೋಪನ್ನು ದಾಟಿ ಬಂದಿದ್ದು ಸ್ಪಷ್ಟ. ತಂತಿ ಇದ್ದಿದ್ದರೆ ಮುಂಚೆಯೇ ಎಚ್ಚರಿಸಬಹುದಿತ್ತು. ಫ್ರಾನ್ಸಿನ ಹವಾಮಾನ ಸೇವೆ ಹುಟ್ಟಿದ್ದು ಈ ಉತ್ತರಗಳ ಕಟ್ಟಿನಿಂದ.

1883ರ ಆಗಸ್ಟ್ 27ರಂದು ಇಂದಿನ ಇಂಡೊನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ರಾಯಲ್ ಸೊಸೈಟಿಯ ಸಮಿತಿಗೆ ಸೈಮನ್ಸರೇ ಅಧ್ಯಕ್ಷರಾದರು. 1884ರ ಫೆಬ್ರವರಿಯಲ್ಲಿ ಅವರು ಸಾರ್ವಜನಿಕರಿಗೆ ಮಾಡಿದ ಮನವಿಯಲ್ಲಿ ಒಂದು ಒತ್ತಾಯವಿತ್ತು: ದಿನಾಂಕ, ನಿಖರ ಸಮಯ, ಅದು ಗ್ರೀನಿಚ್ಚಿನದೋ ಸ್ಥಳೀಯದೋ ಎಂಬುದು, ನೋಡಿದ ಜಾಗ, ಇಷ್ಟನ್ನೂ ತಪ್ಪದೆ ಬರೆಯಿರಿ. ಡೇಟಾ ಜೊತೆಗೆ ಡೇಟಾದ ವಿವರವನ್ನೂ ಕೇಳುವ ಈ ಪಾಠವನ್ನು ಇವತ್ತಿನ ಎಷ್ಟೋ ಮೊಬೈಲ್ ಆ್ಯಪ್‌ಗಳು ಇನ್ನೂ ಕಲಿತಿಲ್ಲ. ಮದರಾಸಿನಿಂದ ಮಿಷೀ ಸ್ಮಿತ್, ಸ್ಫೋಟದ ನಂತರ ಹಸಿರಾಗಿ ಕಂಡ ಸೂರ್ಯನ ವರ್ಣಪಟಲದ ವಿವರ ಕೊಟ್ಟರು. ಎಲ್ಲೆಲ್ಲಿಂದಲೋ ಬಂದ ವಾಯುಭಾರದ ರೇಖೆಗಳನ್ನು ರಿಚರ್ಡ್ ಸ್ಟ್ರೇಚಿ ಜೋಡಿಸಿದಾಗ, ಸ್ಫೋಟದ ಒತ್ತಡದ ಅಲೆ ಒಂದೂವರೆ ದಿನಕ್ಕೊಂದರಂತೆ ಭೂಮಿಯನ್ನು ಹಲವು ಸಲ ಸುತ್ತಿದ್ದು ಕಂಡಿತು. 2022ರ ಜನವರಿ 15ರ ಟೋಂಗಾ ಸ್ಫೋಟದ ಅಲೆಯನ್ನು ಸಾವಿರಾರು ಸಂವೇದಕಗಳು ಹಿಡಿದಾಗ ವಿಜ್ಞಾನಿಗಳು ಹೋಲಿಕೆಗೆ ಎತ್ತಿಕೊಂಡದ್ದು 1888ರಲ್ಲಿ ಅಚ್ಚಾದ ಆ ಸಮಿತಿಯ ವರದಿಯನ್ನೇ.

ತಂತಿ ಬಂದ ಮೇಲೆ ಪತ್ರದ ವೇಗ ಹೆಚ್ಚಿತು, ಜೊತೆಗೆ ತಪ್ಪೂ ಹೆಚ್ಚಿತು. 1872ರ ನವೆಂಬರ್ 27ರ ಉಲ್ಕಾವರ್ಷದ ನಂತರ ಗ್ಯೋಟಿಂಗನ್ನಿನ ಖಗೋಳಜ್ಞ ಕ್ಲಿಂಕರ್‌ಫ್ಯೂಸ್ ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್‌ಗೆ ಒಂದು ಚುಟುಕು ತಂತಿ ಕಳಿಸಿದರು: ಬೀಲಾ ಧೂಮಕೇತು 27ರಂದು ಭೂಮಿಯನ್ನು ತಾಕಿದೆ, ಕಿನ್ನರ ರಾಶಿಯ ಥೀಟಾ ನಕ್ಷತ್ರದ ಬಳಿ ಹುಡುಕಿ. ಮೋಡ ಸರಿದಾಗ ಪಾಗ್ಸನ್‌ಗೆ ಅಲ್ಲೊಂದು ಧೂಮಕೇತು ಕಂಡೇ ಬಿಟ್ಟಿತು, ಡಿಸೆಂಬರ್ 2ರಂದು. ಡಿಸೆಂಬರಿನಲ್ಲಿ ಆ ನಕ್ಷತ್ರ ಕಾಣುವುದು ಬೆಳಗಿನ ಜಾವಕ್ಕೆ. ಅಂದರೆ ಮಧ್ಯಾಹ್ನದಿಂದ ಎಣಿಸುವ ದಿನದ 17 ಗಂಟೆ ದಾಟಿದ ಮೇಲೆ. ನಮ್ಮ ಲೆಕ್ಕಕ್ಕೆ ಅದು 3ನೇ ತಾರೀಖಿನ ನಸುಕು. ಕೊನೆಗೆ ಅದು ಬೀಲಾ ಅಲ್ಲ ಎಂದು ಲೆಕ್ಕ ಹೇಳಿತು. ಮತ್ತೆ ಏನು ಎಂಬುದು ಇಂದಿಗೂ ಬಗೆಹರಿದಿಲ್ಲ.

ಒಂದು ಅಂಕಿ ಅತ್ತಿತ್ತಾದರೆ ದೂರದರ್ಶಕ ಆಕಾಶದ ಬೇರೆಯೇ ಮೂಲೆಗೆ ತಿರುಗುತ್ತದೆ. ಅದಕ್ಕೇ 1880ರ ದಶಕದಲ್ಲಿ ಬಾಸ್ಟನ್ನಿನ ಚಾಂಡ್ಲರ್ ಮತ್ತು ರಿಚಿ ಒಂದು ಸಂಕೇತ ಪದ್ಧತಿ ಮಾಡಿದರು. ಧೂಮಕೇತುವಿನ ಸ್ಥಾನ, ಸಮಯ ಮೊದಲಾದವು ಅಂಕಿಗಳ ಗುಂಪುಗಳಾಗಿ, ಒಂದೊಂದು ಗುಂಪೂ ನಿಘಂಟಿನ ಒಂದು ಪದವಾಗಿ ಹೋಗುತ್ತಿತ್ತು. ಕೊನೆಗೆ ಹಿಂದಿನವೆಲ್ಲದರ ಮೊತ್ತವನ್ನು ಸೂಚಿಸುವ ತಾಳೆ ಪದ. ಮೊತ್ತ ಕೂಡದಿದ್ದರೆ ತಂತಿ ಕೆಟ್ಟಿದೆ ಎಂದರ್ಥ. ಇದೇ ಉಪಾಯ ಮಳೆ ಹಾಳೆಗಳಲ್ಲೂ ಅಡಗಿದೆ: ಹನ್ನೆರಡು ತಿಂಗಳ ಕೆಳಗೆ ಬರೆದ ವರ್ಷದ ಮೊತ್ತ. ಟೈಪ್ ಮಾಡಿದ ತಿಂಗಳುಗಳನ್ನು ಕೂಡಿ ಆ ಮೊತ್ತಕ್ಕೆ ತಾಳೆ ನೋಡಿದರೆ ತಪ್ಪು ತಾನಾಗಿ ಎದ್ದು ಕಾಣುತ್ತದೆ, ಕೆಲವೊಮ್ಮೆ ಆಗಿನವರೇ ಕೂಡುವಾಗ ಮಾಡಿದ ತಪ್ಪೂ ಸೇರಿ.

ಪತ್ರದ ದಿನಾಂಕ ಒಂದು ದಂತಕಥೆಯನ್ನೇ ಕೆಡವಬಲ್ಲದು. ಹೀಲಿಯಂ 1868ರ ಆಗಸ್ಟ್ 18ರ ಗ್ರಹಣದಲ್ಲಿ ಗುಂಟೂರಿನಲ್ಲಿ ಫ್ರೆಂಚ್ ಖಗೋಳಜ್ಞ ಜಾನ್ಸೆನ್‌ಗೆ ಸಿಕ್ಕಿತು ಎಂದು ಅಂತರ್ಜಾಲದ ತುಂಬ ಇದೆ. ಸೆಪ್ಟೆಂಬರ್ 19ರ ದಿನಾಂಕದ ಅವರ ಪತ್ರ ಹೇಳುವುದು ಬೇರೆ: ಗ್ರಹಣವಿಲ್ಲದೆಯೂ ಸೂರ್ಯನಂಚಿನ ಜ್ವಾಲೆಗಳ ವರ್ಣಪಟಲದ ಗೆರೆಗಳನ್ನು ನೋಡಬಹುದು ಎಂಬ ವಿಧಾನ. ಇಂಗ್ಲೆಂಡಿನಲ್ಲಿ ಲಾಕ್ಯರ್ ಅದೇ ವಿಧಾನವನ್ನು ಅಕ್ಟೋಬರ್ 20ರಂದು ಸಾಧಿಸಿ ಪತ್ರ ಬರೆದರು. ಎರಡೂ ಪತ್ರಗಳನ್ನು ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಓದಿದ್ದು ಒಂದೇ ದಿನ, ಅಕ್ಟೋಬರ್ 26ರಂದು. ಇಬ್ಬರ ಮುಖವೂ ಇರುವ ಪದಕ ಆಮೇಲೆ ಬಂತು. ಅದೇ ಗ್ರಹಣವನ್ನು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಿಂದ ನೋಡಿದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಪ್ರಸಿದ್ಧ ಖಗೋಳಜ್ಞ ಸರ್ ಜಾನ್ ಹರ್ಷೆಲರ ಮಗ. ಮೋಡದ ಕಾಟದ ನಡುವೆ ಅವರು ಕೆಂಪು, ಕಿತ್ತಳೆ, ನೀಲಿ ಮೂರು ಗೆರೆ ಕಂಡರು. ಆ ಕಿತ್ತಳೆ ಗೆರೆ ಸೋಡಿಯಂನ ಡಿ ಗೆರೆಯೇ ಅಥವಾ ಅದರ ಪಕ್ಕದ್ದೇ ಎಂಬಲ್ಲಿ ಹೀಲಿಯಂನ ಕಥೆ ಇದೆ; ಪಕ್ಕದ್ದಾದರೆ ಅದು ಬೇರೆಯೇ ಧಾತುವಿನ ಗುರುತು. ಮಚಲಿಪಟ್ಟಣದಲ್ಲಿ ಪಾಗ್ಸನ್ ಕೂಡ ಅದೇ ಜಾಗದಲ್ಲಿ ತಡವರಿಸಿದ್ದರು. ಒಬ್ಬರು ಒಂದು ದಿನ ಕಂಡುಹಿಡಿದದ್ದಲ್ಲ ಅದು. ಹಲವು ಪತ್ರಗಳು ಸೇರಿ ಬಿಡಿಸಿದ ಗಂಟು.

ಇನ್ನು ಕಾಗದ ಉಳಿಯುವ ಪ್ರಶ್ನೆ. ಗ್ರೀನಿಚ್‌ನಲ್ಲಿ 1835ರಿಂದ 1881ರವರೆಗೆ ಮುಖ್ಯಸ್ಥರಾಗಿದ್ದ ಜಾರ್ಜ್ ಏರಿ ಚೂರು ಚೀಟಿಯನ್ನೂ ಎಸೆಯುತ್ತಿರಲಿಲ್ಲ. ತೂತು ಹೊಡೆದು, ದಾರ ಕಟ್ಟಿ, ಕಡತ ಸೇರಿಸುತ್ತಿದ್ದರು. ಅಂಥ ಕಡತಗಳಲ್ಲಿ ಒಂದು ನೆಪ್ಚೂನಿನದು. ಲ ವೆರಿಯೆಯಂತೆಯೇ ಆ ಗ್ರಹದ ಲೆಕ್ಕ ಹಾಕಿದ್ದ ಇಂಗ್ಲೆಂಡಿನ ಆಡಮ್ಸ್ 1845ರ ಅಕ್ಟೋಬರಿನಲ್ಲಿ ಬಿಟ್ಟುಹೋದ ಚೀಟಿ, ನವೆಂಬರ್ 5ರಂದು ಏರಿ ಬರೆದು ಕೇಳಿದ ಪ್ರಶ್ನೆ, ಅದಕ್ಕೆ ಬಾರದ ಉತ್ತರ. ಅತ್ತ 1846ರ ಸೆಪ್ಟೆಂಬರ್ 23ರಂದು ಲ ವೆರಿಯೆಯ ಪತ್ರ ತಲುಪಿದ ರಾತ್ರಿಯೇ ಬರ್ಲಿನ್ನಿನಲ್ಲಿ ಗಾಲೆಗೆ ಗ್ರಹ ಸಿಕ್ಕಿದ್ದು. ಯಾರಿಗೆ ಎಷ್ಟು ಪಾಲು ಎಂಬ ಜಗಳ ತೀರ್ಮಾನಿಸಬೇಕಾದ ಕಡತ 1960ರ ದಶಕದಿಂದ ನಾಪತ್ತೆ. 1998ರಲ್ಲಿ ಖಗೋಳಜ್ಞ ಓಲಿನ್ ಎಗ್ಗನ್ ತೀರಿಕೊಂಡ ಮೇಲೆ ಚಿಲಿಯಲ್ಲಿ ಅವರ ವಸ್ತುಗಳ ನಡುವೆ ಅದು ಸಿಕ್ಕಿ ಕೇಂಬ್ರಿಜ್‌ಗೆ ಮರಳಿತು. ಮೂರು ದಶಕ ಇತಿಹಾಸಕಾರರು ಅಚ್ಚಾದ ಸಾರಾಂಶಗಳ ಮೇಲೇ ವಾದ ಮಾಡಬೇಕಾಯಿತು.

ಹಾಗಾದರೆ ಕೆಲಸ ಹೇಗೆ ನಡೆಯಬೇಕು? ಸ್ಕ್ಯಾನ್ ಮಾಡುವಾಗ ಕೋಷ್ಟಕದ ಹಾಳೆ ಮತ್ತು ಅದನ್ನು ಹೊತ್ತುತಂದ ಪತ್ರ ಒಂದೇ ಕಡತ ಸಂಖ್ಯೆಯಡಿ ಬರಲಿ. ಪತ್ರದ ಬೆನ್ನು, ಅಂಚಿನ ಟಿಪ್ಪಣಿ, ಖಾಲಿ ಪುಟ ಕೂಡ. ಟೈಪ್ ಮಾಡುವಾಗ ಇದ್ದದ್ದನ್ನು ಇದ್ದಂತೆ, .014 ಅನ್ನು .014 ಎಂದೇ ಒಂದು ಕಲಮಿನಲ್ಲಿ ಬರೆದು, 30.014 ಎಂಬ ನಮ್ಮ ಅರ್ಥವನ್ನು ಪಕ್ಕದ ಕಲಮಿನಲ್ಲಿಡಬೇಕು. ಎರಡನ್ನೂ ಒಂದೇ ಮನೆಯಲ್ಲಿ ಕೂರಿಸಿದರೆ ನಾಳೆ ತಪ್ಪು ಗೊತ್ತಾದಾಗ ಹಿಂದಕ್ಕೆ ಹೋಗುವ ದಾರಿಯೇ ಇರುವುದಿಲ್ಲ. ಒಂದು ಅಂಕಿಯನ್ನು ಕನಿಷ್ಠ ಇಬ್ಬರು ಪರಸ್ಪರ ನೋಡದೆ ಟೈಪ್ ಮಾಡಲಿ, ಹೊಂದದಿದ್ದರೆ ಮೂರನೆಯವರು ನೋಡಲಿ. ಕೈಬರಹ ತಂತ್ರಾಂಶವನ್ನು ಈ ಇಬ್ಬರಲ್ಲಿ ಒಬ್ಬರಾಗಿ ಬಳಸಬಹುದು, ಇಬ್ಬರೂ ಅದೇ ಆಗಬಾರದು. ಇಂಥ ದಾಖಲೆಗಳ ವಿನಿಮಯಕ್ಕೆ ಈಗ ಬಳಸುವ ಸ್ಟೇಷನ್ ಎಕ್ಸ್‌ಚೇಂಜ್ ಫಾರ್ಮ್ಯಾಟಿನಲ್ಲಿ ಪ್ರತಿ ಸಾಲಿನ ಕೊನೆಗೂ ವಿವರದ ಕಲಂ ಒಂದಿದೆ: ಮೂಲ ಅಂಕಿ ಏನು, ತಾಪಕ್ಕೆ ತಿದ್ದಿದೆಯೇ, ಗುರುತ್ವಕ್ಕೆ ತಿದ್ದಿದೆಯೇ. ಅದನ್ನು ತುಂಬಲು ಪತ್ರ ಬೇಕು.

ಮದರಾಸು ವೀಕ್ಷಣಾಲಯದ ಹಳೆಯ ಕಾಗದಪತ್ರಗಳು ಕೊಡೈಕೆನಾಲ್ ಮೂಲಕ ಈಗ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಪತ್ರಾಗಾರದಲ್ಲಿವೆ. ಇಂಗ್ಲಿಷ್ ಕೈಬರಹ ಓದಬಲ್ಲ, ಫ್ಯಾರನ್‌ಹೀಟ್ ಮತ್ತು ಅಂಗುಲದ ಲೆಕ್ಕಕ್ಕೆ ಹೆದರದ ಪದವಿ ವಿದ್ಯಾರ್ಥಿಗಳಿಗೆ ಇಂಥ ಕಡತಗಳ ಕೆಲಸ ಹೊಂದುತ್ತದೆ. ಶುರುಮಾಡುವವರು ಮೊದಲು ಹುಡುಕಬೇಕಾದದ್ದು ಅತಿ ಬಿಸಿಯಾದ ದಿನವನ್ನಲ್ಲ. ಹೊಸ ಬ್ಯಾರೋಮೀಟರ್ ತಲುಪಿತು, ಹಳೆಯದಕ್ಕೂ ಇದಕ್ಕೂ ಇಷ್ಟು ವ್ಯತ್ಯಾಸ ಎಂದು ಬರೆದ ಪತ್ರವನ್ನು.